ಅಟ್ಟದಲ್ಲಿ ಗ್ಯಾಸ್ ಫರ್ನೇಸ್ ಇದ್ದರೆ ಸ್ಪ್ರಿಂಕ್ಲರ್ ಬೇಕಾ?

ಕ್ಯಾಲಿಫೋರ್ನಿಯಾದಲ್ಲಿ ಹೊಸ ಮನೆ ಕಟ್ಟಿಸುವವರ ಕೈಗೆ ಒಂದಲ್ಲ ಒಂದು ದಿನ ಸ್ಪ್ರಿಂಕ್ಲರ್ ನಕ್ಷೆ ಬರುತ್ತದೆ, ಅಂದರೆ ಬೆಂಕಿ ಬಿದ್ದಾಗ ನೀರು ಚಿಮ್ಮಿಸುವ ಸಾಧನಗಳು ಎಲ್ಲೆಲ್ಲಿ ಇರಬೇಕು ಎಂದು ತೋರಿಸುವ ಹಾಳೆಗಳು. ಹಾಲ್, ಅಡುಗೆಮನೆ, ಮಲಗುವ ಕೋಣೆ, ಎಲ್ಲಾ ಕಡೆ ಸಣ್ಣ ಸಣ್ಣ ಗುರುತುಗಳು. ಅಟ್ಟದ ಹಾಳೆ ತೆಗೆದು ನೋಡಿದರೆ ಅಷ್ಟು ದೊಡ್ಡ ಜಾಗದಲ್ಲಿ ಒಂದೇ ಒಂದು ಗುರುತು. ಅದೂ ಫರ್ನೇಸಿನ ನೆತ್ತಿಯ ಮೇಲೆ. ಉಳಿದ ಅಟ್ಟವೆಲ್ಲ ಖಾಲಿ. ಬೇರೆ ಊರಿನಲ್ಲಿ ಅಂಥದ್ದೇ ಮನೆ ಕಟ್ಟಿಸಿದ ಗೆಳೆಯರ ನಕ್ಷೆಯಲ್ಲಿ ಆ ಒಂದು ಗುರುತೂ ಇರುವುದಿಲ್ಲ. ಫರ್ನೇಸ್ ಮಾತ್ರ ಅದೇ ಜಾಗದಲ್ಲೇ ಇದೆ. ಇಬ್ಬರಿಗೂ ಪರ್ಮಿಟ್ ಸಿಕ್ಕಿದೆ.

ಇಬ್ಬರಲ್ಲಿ ಯಾರೋ ಒಬ್ಬರು ತಪ್ಪು ಮಾಡಿದ್ದಾರೆ ಅನಿಸುತ್ತದೆ, ಅಲ್ವಾ? ಇಲ್ಲ, ಇಬ್ಬರದೂ ಸರಿ ಇರಬಹುದು. ಅದು ಹೇಗೆ ಅಂತ ಗೊತ್ತಾಗಬೇಕಾದರೆ ಈ ನಿಯಮಗಳು ಯಾವುದನ್ನು ಉಳಿಸಲು ಹೊರಟಿವೆ ಎನ್ನುವುದನ್ನು ಮೊದಲು ನೋಡಬೇಕು.

ಬೆಂಗಳೂರಿನಲ್ಲಿ ಬೆಳೆದವರಿಗೆ ಮನೆಯೊಳಗೆ ಫರ್ನೇಸ್ ಎನ್ನುವುದೇ ವಿಚಿತ್ರ. ಅಮೆರಿಕದ ಮನೆಗಳಲ್ಲಿ ಅದು ಗ್ಯಾಸ್ ಉರಿಸಿ ಗಾಳಿಯನ್ನು ಬಿಸಿ ಮಾಡುವ ಒಂದು ಪೆಟ್ಟಿಗೆ. ಫ್ಯಾನ್ ಆ ಗಾಳಿಯನ್ನು ಡಕ್ಟ್‌ಗಳ ಮೂಲಕ ಕೋಣೆಗಳಿಗೆ ತಳ್ಳುತ್ತದೆ. ಚಳಿ ಜಾಸ್ತಿ ಇರುವ ಉತ್ತರದ ಊರುಗಳಲ್ಲಿ ಅದನ್ನು ನೆಲಮಾಳಿಗೆಯಲ್ಲಿ ಇಡುತ್ತಾರೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಕಡೆ ನೆಲಮಾಳಿಗೆ ಅಪರೂಪ. ಕೆಳಗಿನ ಚದರಡಿಗೆ ದುಡ್ಡು ಜಾಸ್ತಿ. ಹಾಗಾಗಿ ಪೆಟ್ಟಿಗೆ ಅಟ್ಟ ಹತ್ತುತ್ತದೆ. ಟೆಕ್ಸಾಸಿನಲ್ಲಿ ಎಷ್ಟೋ ಮನೆಗಳಲ್ಲಿ ನೀರು ಕಾಯಿಸುವ ಗ್ಯಾಸ್ ಹೀಟರ್ ಕೂಡ ಅಲ್ಲೇ ಇರುತ್ತದೆ.

ಆ ಅಟ್ಟ ನಮ್ಮ ಮಲೆನಾಡಿನ ಅಡಿಕೆ ಒಣಗಿಸುವ ಅಟ್ಟದಂತೆ ಗಟ್ಟಿ ಹಲಗೆಯದಲ್ಲ. ಕೆಳಗಿನ ಕೋಣೆಯ ಸೀಲಿಂಗ್ ಬರೀ ಜಿಪ್ಸಂ ಬೋರ್ಡ್. ಅದರ ಮೇಲೆ ಬಿಸಿ, ಚಳಿ ತಡೆಯುವ ಹೊದಿಕೆಯಾದ ಇನ್ಸುಲೇಶನ್, ಅದರ ಮೇಲೆ ಚಾವಣಿ ಹೊರುವ ಮರದ ಚೌಕಟ್ಟಾದ ಟ್ರಸ್, ಅದರ ಮೇಲೆ ಚಾವಣಿಯ ಹಲಗೆ. ನಡುವೆ ಕಾಲಿಡಲು ಒಂದು ಸಣ್ಣ ಹಲಗೆ ದಾರಿ. ಬೇಸಿಗೆಯಲ್ಲಿ ಕುಲುಮೆ, ಚಳಿಗಾಲದಲ್ಲಿ ಫ್ರಿಜ್. ಈ ಎರಡನ್ನೂ ನೆನಪಿಟ್ಟುಕೊಳ್ಳಿ. ಮುಂದೆ ಬರುವ ಅರ್ಧ ತಲೆನೋವು ಇವೆರಡರದೇ.

ಮೊದಲು ಕಾನೂನಿನ ಮಾತು, ಚುಟುಕಾಗಿ. ಅಮೆರಿಕದ ಒಂಟಿ ಮನೆ, ಜೋಡಿ ಮನೆ ಮತ್ತು ಸಾಲು ಮನೆಗಳಿಗೆ ಮಾದರಿಯಾಗಿರುವ ನಿಯಮ ಪುಸ್ತಕ ಇಂಟರ್‌ನ್ಯಾಷನಲ್ ರೆಸಿಡೆನ್ಶಿಯಲ್ ಕೋಡ್, ಅಂದರೆ ಐಆರ್‌ಸಿ. ಇದರ 2009ರ ಆವೃತ್ತಿ ಹೊಸ ಮನೆಗಳಿಗೆಲ್ಲ ಸ್ಪ್ರಿಂಕ್ಲರ್ ಬೇಕು ಎಂದಿತು. ಒಂಟಿ ಮತ್ತು ಜೋಡಿ ಮನೆಗಳಿಗೆ 2011ರ ಜನವರಿ 1ರವರೆಗೆ ಸಮಯ ಕೊಟ್ಟಿತು. ಆದರೆ ಮಾದರಿ ಪುಸ್ತಕ ಏನೇ ಹೇಳಿದರೂ ಅದನ್ನು ಒಪ್ಪುವುದು ಬಿಡುವುದು ರಾಜ್ಯಗಳ ಕೈಯಲ್ಲಿದೆ. ಕ್ಯಾಲಿಫೋರ್ನಿಯಾ ಮತ್ತು ಮೇರಿಲ್ಯಾಂಡ್ ಒಪ್ಪಿದವು. ಬಹಳಷ್ಟು ರಾಜ್ಯಗಳು ಆ ಭಾಗವನ್ನು ಕಿತ್ತುಹಾಕಿದವು. ಟೆಕ್ಸಾಸ್ ಇನ್ನೂ ಮುಂದೆ ಹೋಗಿ, ಇಂಥ ನಿಯಮವನ್ನು ಹೊಸದಾಗಿ ತರಬೇಡಿ ಎಂದು ತನ್ನ ನಗರಗಳಿಗೇ ಹೇಳಿತು. ಆದ್ದರಿಂದ ಡಲ್ಲಾಸ್ ಕಡೆ ಮನೆ ಕೊಂಡ ಕನ್ನಡಿಗರಿಗೆ ಅಟ್ಟದ ಫರ್ನೇಸ್ ಗೊತ್ತು, ಸ್ಪ್ರಿಂಕ್ಲರ್ ಗೊತ್ತಿಲ್ಲ. ಬೇ ಏರಿಯಾದಲ್ಲಿ ಹೊಸ ಮನೆ ಕೊಂಡವರಿಗೆ ಎರಡೂ ಗೊತ್ತು.

ಸ್ಪ್ರಿಂಕ್ಲರ್ ಹಾಕುವವರಿಗೆ ಐಆರ್‌ಸಿ ಎರಡು ದಾರಿ ಕೊಡುತ್ತದೆ. ಒಂದು, ಅದರದೇ ಪ್ಲಂಬಿಂಗ್ ಭಾಗದಲ್ಲಿರುವ ಪಿ2904 ಎನ್ನುವ ವಿಭಾಗ. ಇನ್ನೊಂದು, ಎನ್‌ಎಫ್‌ಪಿಎ ಎನ್ನುವ ಅಗ್ನಿ ಸುರಕ್ಷತಾ ಸಂಸ್ಥೆಯ 13ಡಿ ಎನ್ನುವ ಮಾನದಂಡ. ಎರಡರಲ್ಲಿ ಯಾವುದನ್ನು ಹಿಡಿದರೂ ಸರಿ. ಆ ಇಬ್ಬರು ಗೆಳೆಯರ ನಕ್ಷೆಗಳು ಬೇರೆಯಾದದ್ದು ಇಲ್ಲೇ.

ಮನೆ ಉಳಿಸುವುದಲ್ಲ, ಜನರನ್ನು ಹೊರಗೆ ಕಳಿಸುವುದು

13ಡಿ ಮೊದಲು ಬಂದದ್ದು 1975ರಲ್ಲಿ. ಅದರ ಗುರಿ ತೀರಾ ಸೀಮಿತ. ಬೆಂಕಿ ಹೊತ್ತಿದ ಕೋಣೆಯಲ್ಲಿ ಫ್ಲಾಶ್‌ಓವರ್ ಆಗದಂತೆ ತಡೆಯಬೇಕು. ಒಳಗಿರುವವರಿಗೆ ಓಡಿಹೋಗಲು ಸಮಯ ಸಿಗಬೇಕು. ಅಷ್ಟೇ. ಫ್ಲಾಶ್‌ಓವರ್ ಅಂದರೆ ಕೋಣೆಯ ಮೇಲ್ಭಾಗದ ಬಿಸಿ ಹೊಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ತಲುಪಿ, ಅದರ ಕಾವಿಗೇ ಸೋಫಾ, ಪರದೆ, ಕಾರ್ಪೆಟ್ ಎಲ್ಲವೂ ಒಮ್ಮೆಗೇ ಹೊತ್ತಿಕೊಳ್ಳುವ ಗಳಿಗೆ. ಅದು ಆದಮೇಲೆ ಆ ಕೋಣೆಯಲ್ಲಿ ಯಾರೂ ಬದುಕುವುದಿಲ್ಲ.

ಈ ಸಣ್ಣ ಗುರಿ ನೀರಿನ ಲೆಕ್ಕದಲ್ಲೂ ಕಾಣುತ್ತದೆ. 13ಡಿ ಪ್ರಕಾರ ಒಂದು ಕೋಣೆಯಲ್ಲಿ ಎರಡು ಸ್ಪ್ರಿಂಕ್ಲರ್ ಒಟ್ಟಿಗೆ ತೆರೆದುಕೊಂಡರೆ ಸಾಲುವಷ್ಟು ನೀರು 10 ನಿಮಿಷ ಸಿಗಬೇಕು. 2000 ಚದರಡಿಗಿಂತ ಸಣ್ಣ ಒಂದಂತಸ್ತಿನ ಮನೆಗಾದರೆ 7 ನಿಮಿಷ ಸಾಕು. ಮನೆಗಳಲ್ಲಿ ಬಳಸುವ ಒಂದು ಸಾಮಾನ್ಯ ಸ್ಪ್ರಿಂಕ್ಲರ್ ನಿಮಿಷಕ್ಕೆ 13 ಗ್ಯಾಲನ್, ಅಂದರೆ 49 ಲೀಟರ್ ಬಿಡುತ್ತದೆ ಅಂದುಕೊಳ್ಳಿ. ಎರಡಕ್ಕೆ 98 ಲೀಟರ್. ಹತ್ತು ನಿಮಿಷಕ್ಕೆ 980 ಲೀಟರ್. ಬೆಂಗಳೂರಿನ ಮನೆಗಳ ತಾರಸಿ ಮೇಲೆ ಕೂತಿರುತ್ತದಲ್ಲ, ಸಾವಿರ ಲೀಟರಿನ ಕಪ್ಪು ಟ್ಯಾಂಕು, ಅಷ್ಟೇ ನೀರು.

ಅಷ್ಟು ನೀರಿನಲ್ಲಿ ಇಡೀ ಮನೆ ಉಳಿಸಲು ಆಗುವುದಿಲ್ಲ. ಉಳಿಸುತ್ತೇವೆ ಎಂದು ಮಾನದಂಡವೂ ಹೇಳುವುದಿಲ್ಲ. ಅದಕ್ಕೇ ಜನ ಓಡಾಡದ ಜಾಗಗಳನ್ನು ಅದು ಧೈರ್ಯವಾಗಿ ಬಿಟ್ಟುಬಿಡುತ್ತದೆ. 55 ಚದರಡಿಯವರೆಗಿನ ಬಚ್ಚಲಿಗೆ ಬೇಡ. 24 ಚದರಡಿಯವರೆಗಿನ ಬಟ್ಟೆ ಕಪಾಟಿನ ಗೂಡಿಗೂ, ಗೋಡೆ ಮತ್ತು ಸೀಲಿಂಗ್ ಸುಲಭಕ್ಕೆ ಉರಿಯದಂಥದ್ದಾಗಿದ್ದರೆ, ಬೇಡ. ಯಾರೂ ವಾಸ ಮಾಡದ ಅಟ್ಟಕ್ಕೂ ಬೇಡ. ಹೆಚ್ಚಿನ ಸಾವುಗಳಿಗೆ ಕಾರಣವಾಗುವ ಬೆಂಕಿ ಶುರುವಾಗುವುದು ಜನ ಮಲಗುವ, ಕೂರುವ, ಅಡುಗೆ ಮಾಡುವ ಜಾಗಗಳಲ್ಲಿ. ಪ್ರತಿ ಮೂಲೆಗೂ ಪೈಪ್ ಹಾಕಿ ಎಂದರೆ ಖರ್ಚು ನೋಡಿ ಯಾರೂ ಹಾಕಿಸುವುದೇ ಇಲ್ಲ. ಎಂಬತ್ತು ಪಾಲು ಲಾಭ ಸಿಗುವಲ್ಲಿ ದುಡ್ಡು ಹಾಕು, ಉಳಿದದ್ದು ಬಿಡು ಎನ್ನುವ ಯೋಚನೆ ಇದು. ನನಗೆ ಇದು ಸರಿ ಅನಿಸುತ್ತದೆ. ಒಪ್ಪದ ಅಗ್ನಿಶಾಮಕ ಅಧಿಕಾರಿಗಳೂ ಇದ್ದಾರೆ.

ಅಟ್ಟ ಬೇಡ ಎಂದಾಯಿತು. ಆದರೆ ಆ ಅಟ್ಟದಲ್ಲಿ ಜ್ವಾಲೆ ಉರಿಯುವ ಯಂತ್ರ ಇದ್ದರೆ?

ಎರಡು ಪುಸ್ತಕ, ಎರಡು ಉತ್ತರ

ಖಾಲಿ ಅಟ್ಟದಲ್ಲಿ ಬೆಂಕಿ ತಾನಾಗಿ ಹುಟ್ಟುವ ಸಾಧ್ಯತೆ ಕಡಿಮೆ. ಫರ್ನೇಸ್ ಬಂದ ಕೂಡಲೇ ಲೆಕ್ಕ ಬದಲಾಗುತ್ತದೆ. ಬರ್ನರ್ ಜ್ವಾಲೆ ಪೆಟ್ಟಿಗೆಯಿಂದ ಹೊರಗೆ ನುಗ್ಗಬಹುದು. ಹೊಗೆ ಕೊಳವೆಯ ಜೋಡಣೆ ಬಿಟ್ಟುಕೊಳ್ಳಬಹುದು. ಉರಿಯುವಂಥ ವಸ್ತು ಆ ಕೊಳವೆಗೆ ತಾಗಿಕೊಂಡು ಕೂರಬಹುದು. ಮನೆಯವರೇ ದೀಪಾವಳಿ ಪೆಟ್ಟಿಗೆ, ಹಳೇ ಹಾಸಿಗೆ ತಂದು ಪಕ್ಕದಲ್ಲಿ ಒತ್ತಬಹುದು. ಕೊನೆಯದು ತಮಾಷೆಯಲ್ಲ. ಫರ್ನೇಸ್ ರಿಪೇರಿಗೆ ಬರುವವರನ್ನು ಕೇಳಿದರೆ ಗೊತ್ತಾಗುತ್ತದೆ.

ಇದಕ್ಕೆ ಪಿ2904 ಕೊಡುವ ಉತ್ತರ ಸರಳ. ಇಂಧನ ಉರಿಸುವ ಯಂತ್ರ ಇಲ್ಲದ ಅಟ್ಟಕ್ಕೆ ಸ್ಪ್ರಿಂಕ್ಲರ್ ಬೇಡ. ಇದ್ದರೆ ಆ ಯಂತ್ರದ ಮೇಲೆ ಒಂದು ಹಾಕಿ. ಅಟ್ಟದ ಉಳಿದ ಭಾಗಕ್ಕೆ ಬೇಡ. ಕ್ಯಾಲಿಫೋರ್ನಿಯಾದ ನಿಯಮವೂ ಇದೇ ಮಾತನ್ನು ಹೇಳುತ್ತದೆ. ನಕ್ಷೆಯಲ್ಲಿ ಆ ಒಂಟಿ ಗುರುತು ಬಂದದ್ದು ಇಲ್ಲಿಂದ.

13ಡಿ ಕೂಡ ಮೊದಲು ಹೆಚ್ಚುಕಡಿಮೆ ಹೀಗೇ ಹೇಳುತ್ತಿತ್ತು. ಆಮೇಲೆ ಮನಸ್ಸು ಬದಲಿಸಿತು. 2016ರ ಆವೃತ್ತಿ ತೆರೆದು ನೋಡಿದರೆ ಅದು ಮೊದಲು ಕೇಳುವ ಪ್ರಶ್ನೆ, ಯಂತ್ರ ಎಲ್ಲಿದೆ ಎನ್ನುವುದು. ಜನ ವಾಸಿಸುವ ಮಟ್ಟದಲ್ಲಿ ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಒಂದು ಸ್ಪ್ರಿಂಕ್ಲರ್ ಬೇಕು. ಯಂತ್ರದ ಮೇಲೆ ಹಾಕಬಹುದು, ಇಲ್ಲವೇ ಆ ಜಾಗವನ್ನೂ ಕೋಣೆಯನ್ನೂ ಬೇರ್ಪಡಿಸುವ ಗೋಡೆಯ ಬಳಿ ಹಾಕಬಹುದು. ಯಂತ್ರ ವಾಸದ ಜಾಗಗಳೆಲ್ಲದರ ಮೇಲಿದ್ದರೆ ಅಲ್ಲಿ ಸ್ಪ್ರಿಂಕ್ಲರೇ ಬೇಡ.

ಬೆಂಕಿಯ ಮೇಲೆ ಸ್ಪ್ರಿಂಕ್ಲರ್ ಬೇಡ ಎನ್ನುವುದು ವಿಚಿತ್ರವಾಗಿ ಕೇಳುತ್ತದೆ. ಗುರಿಯನ್ನು ನೆನಪಿಸಿಕೊಂಡರೆ ತರ್ಕ ಕಾಣುತ್ತದೆ. ಬಿಸಿ ಮತ್ತು ಹೊಗೆ ಮೇಲಕ್ಕೆ ಹೋಗುತ್ತವೆ. ನೆಲಮಾಳಿಗೆಯ ಬೆಂಕಿ ಮಲಗಿರುವವರ ಕಾಲ ಕೆಳಗೇ ಇರುತ್ತದೆ, ಹೊಗೆ ಮೆಟ್ಟಿಲು ಹತ್ತಿ ಬರುತ್ತದೆ, ಓಡುವ ದಾರಿಯೇ ಮುಚ್ಚುತ್ತದೆ. ಅಟ್ಟದ ಬೆಂಕಿ ಚಾವಣಿಯನ್ನು ಸುಡುತ್ತದೆ. ಕೆಳಗಿನ ಕೋಣೆಗೆ ಇಳಿಯಬೇಕಾದರೆ ಜಿಪ್ಸಂ ಬೋರ್ಡನ್ನು ದಾಟಬೇಕು. ಅಷ್ಟರಲ್ಲಿ ಜನ ಹೊರಗಿರುತ್ತಾರೆ ಎನ್ನುವುದು ಲೆಕ್ಕಾಚಾರ. ಚಾವಣಿ ಹೋಗಬಹುದು. 13ಡಿ ಚಾವಣಿಗೆ ಹೊಣೆ ಹೊತ್ತಿಲ್ಲ.

ಈ ತರ್ಕದಲ್ಲಿ ಒಂದು ಸಣ್ಣ ಬಿರುಕು ಇದೆ. ಅಟ್ಟದ ಬೆಂಕಿ ಕೆಳಗಿರುವವರಿಗೆ ತಡವಾಗಿ ಗೊತ್ತಾಗುತ್ತದೆ. ಹೊಗೆ ಅಲಾರಂಗಳು ಕೋಣೆಯ ಸೀಲಿಂಗಿನ ಕೆಳಗಿರುತ್ತವೆ, ಹೊಗೆ ಅದರ ಮೇಲಿರುತ್ತದೆ. ಎಷ್ಟೋ ಸಲ ಅಟ್ಟದ ಬೆಂಕಿಯನ್ನು ಮೊದಲು ನೋಡುವವರು ಬೀದಿಯಲ್ಲಿ ಹೋಗುವವರು. ಅದಕ್ಕೆ ನನ್ನ ಒಲವು ಪಿ2904 ಕಡೆಗೆ. ಒಂದೇ ಒಂದು ಸ್ಪ್ರಿಂಕ್ಲರ್ ತಲೆ (ನೀರು ಚಿಮ್ಮಿಸುವ ತುದಿ), ಆದರೆ ಬೆಂಕಿ ಹುಟ್ಟುವ ಸಾಧ್ಯತೆ ಜಾಸ್ತಿ ಇರುವ ಜಾಗದ ಮೇಲೇ ಕೂತಿದೆ.

ಎರಡು ಪುಸ್ತಕಕ್ಕೂ ಮುಖ್ಯವಾದದ್ದು 'ಇಂಧನ ಉರಿಸುವ' ಎನ್ನುವ ಷರತ್ತು. ಗ್ಯಾಸ್, ಪ್ರೊಪೇನ್, ಎಣ್ಣೆ, ಇವುಗಳಲ್ಲಿ ಯಾವುದನ್ನು ಉರಿಸಿದರೂ ನಿಯಮ ತಾಗುತ್ತದೆ. ಗ್ಯಾಸ್ ವಾಟರ್ ಹೀಟರಿಗೂ ತಾಗುತ್ತದೆ. ಏನನ್ನೂ ಉರಿಸದೆ ಕರೆಂಟಿನಲ್ಲೇ ಮನೆ ಬಿಸಿ ಮಾಡುವ ಹೀಟ್ ಪಂಪಿನ ಒಳಪೆಟ್ಟಿಗೆಗೆ ತಾಗುವುದಿಲ್ಲ. ಈಗ ಬಹಳಷ್ಟು ಹೊಸ ಮನೆಗಳಿಗೆ ಹೀಟ್ ಪಂಪ್ ಬರುತ್ತಿದೆ. ಅಲ್ಲಿಗೆ ಈ ಪ್ರಶ್ನೆಯೇ ಮುಗಿಯಿತು. ಸ್ಪ್ರಿಂಕ್ಲರ್ ಡಿಸೈನ್ ಮಾಡುವವರಿಗೆ ಇದಕ್ಕಿಂತ ಸುಲಭದ ಪರಿಹಾರ ಬೇರೆ ಇಲ್ಲ.

ಬೇಸಿಗೆಯ ಅಟ್ಟ

ಒಂದು ತಲೆ ಹಾಕಬೇಕು ಎಂದಾಯಿತು. ಕೋಣೆಯಲ್ಲಿ ಹಾಕಿದ್ದನ್ನೇ ತಂದು ಇಲ್ಲೂ ಹಾಕಿದರೆ ಆಗುವುದಿಲ್ವಾ? ಆಗುವುದಿಲ್ಲ.

ಸ್ಪ್ರಿಂಕ್ಲರ್ ತಲೆಯಲ್ಲಿ ಬಣ್ಣದ ದ್ರವ ತುಂಬಿದ ಒಂದು ಸಣ್ಣ ಗಾಜಿನ ಬಲ್ಬ್ ಇರುತ್ತದೆ. ನೀರನ್ನು ತಡೆದಿರುವ ಮುಚ್ಚಳವನ್ನು ಒತ್ತಿ ಹಿಡಿದಿರುವುದು ಅದೇ. ಬಿಸಿಯಾದರೆ ದ್ರವ ಹಿಗ್ಗುತ್ತದೆ, ಬಲ್ಬ್ ಒಡೆಯುತ್ತದೆ, ನೀರು ಬರುತ್ತದೆ. ಸಿನಿಮಾದಲ್ಲಿ ತೋರಿಸುವಂತೆ ಒಂದು ಕಡೆ ಹೊಗೆ ಕಂಡರೆ ಇಡೀ ಮನೆಯಲ್ಲಿ ಮಳೆ ಬರುವುದಿಲ್ಲ. ಯಾವ ತಲೆಗೆ ಕಾವು ತಾಗಿತೋ ಅದೊಂದೇ ತೆರೆದುಕೊಳ್ಳುತ್ತದೆ.

ಎಷ್ಟು ಬಿಸಿಗೆ ಒಡೆಯುತ್ತದೆ ಎನ್ನುವುದನ್ನು ಬಣ್ಣ ಹೇಳುತ್ತದೆ. ಕಿತ್ತಳೆ ಬಣ್ಣದ್ದು 57 ಡಿಗ್ರಿ ಸೆಲ್ಸಿಯಸ್, ಕೆಂಪು 68, ಹಳದಿ 79, ಹಸಿರು 93. ಕೋಣೆಗಳಲ್ಲಿ ಮೊದಲ ಎರಡು ಬಣ್ಣ. ಈಗ ಅಟ್ಟಕ್ಕೆ ಬನ್ನಿ. ಬಿಸಿಲ ನಾಡಿನಲ್ಲಿ ಬೇಸಿಗೆಯ ಮಧ್ಯಾಹ್ನ ಅಟ್ಟದ ಗಾಳಿ 55, 60 ಡಿಗ್ರಿ ಮುಟ್ಟುವುದು ಹೊಸದಲ್ಲ. ಅಲ್ಲಿ 57ರ ಬಲ್ಬ್ ಹಾಕಿದರೆ ಬೆಂಕಿಯೇ ಬೇಡ, ಸೂರ್ಯನೇ ಸಾಕು. ನೀರು ಇನ್ಸುಲೇಶನ್ ತೋಯಿಸಿ, ಸೀಲಿಂಗ್ ಕೆಡವಿ, ಕೆಳಗಿನ ಮಂಚಕ್ಕೆ ಇಳಿಯುತ್ತದೆ.

ಅದಕ್ಕೆ ಅಟ್ಟಕ್ಕೆ ಇಂಟರ್‌ಮೀಡಿಯೆಟ್ ಎನ್ನುವ ವರ್ಗದ ತಲೆಯೇ ಆಗಬೇಕು ಎನ್ನುತ್ತದೆ ನಿಯಮ. 79ರಿಂದ 107 ಡಿಗ್ರಿ ಸೆಲ್ಸಿಯಸ್ ನಡುವೆ ತೆರೆದುಕೊಳ್ಳುವಂಥದ್ದು. ಅಂದರೆ ಹಳದಿ ಅಥವಾ ಹಸಿರು. ಈ ವರ್ಗದ ತಲೆಗಳು ಸುತ್ತಲಿನ ಗಾಳಿ 66 ಡಿಗ್ರಿವರೆಗೆ ಕಾದರೂ ತಡೆದುಕೊಳ್ಳುತ್ತವೆ. ಕೋಣೆಯ ಸಾಮಾನ್ಯ ತಲೆಗಳ ಮಿತಿ 38 ಡಿಗ್ರಿ ಮಾತ್ರ. ಚಾವಣಿಗೆ ಸ್ಪ್ರೇ ಫೋಮ್ ಹೊಡೆಸಿ ಅಟ್ಟವನ್ನು ತಂಪಾಗಿ ಇಟ್ಟುಕೊಂಡವರಿಗೂ ಪಿ2904 ವಿನಾಯಿತಿ ಕೊಡುವುದಿಲ್ಲ. ಅಟ್ಟ ಅಂದರೆ ಅಟ್ಟ.

ಇದರ ಜೊತೆಗೆ ಇಂಧನ ಉರಿಸುವ ಯಂತ್ರದ ಬಳಿ ಹಾಕುವ ತಲೆಗೆ 13ಡಿ ಕೇಳುವ ಇನ್ನೊಂದು ಗುಣ ಕ್ವಿಕ್ ರೆಸ್ಪಾನ್ಸ್. ಬಲ್ಬ್ ತೆಳುವಾದಷ್ಟು ಬೇಗ ಬಿಸಿಯಾಗುತ್ತದೆ. ಹಳೇ ತರದ ತಲೆಗಳಲ್ಲಿ ಬಲ್ಬಿನ ದಪ್ಪ 5 ಮಿಲಿಮೀಟರ್, ಕ್ವಿಕ್ ರೆಸ್ಪಾನ್ಸಿನವುಗಳಲ್ಲಿ ಸಾಮಾನ್ಯವಾಗಿ 3. ಎರಡೂ 79 ಡಿಗ್ರಿಯವೇ ಇರಬಹುದು, ಆದರೆ ತೆಳ್ಳನೆಯದು ಮುಂಚೆ ಒಡೆಯುತ್ತದೆ. ಎಷ್ಟು ಬಿಸಿಗೆ ಒಡೆಯುತ್ತದೆ ಎನ್ನುವುದು ಬೇರೆ, ಎಷ್ಟು ಬೇಗ ಎನ್ನುವುದು ಬೇರೆ. ಅಟ್ಟದ ತಲೆಗೆ ಎರಡೂ ಸರಿಯಾಗಿರಬೇಕು.

ಫರ್ನೇಸಿನಿಂದ ಎಷ್ಟು ದೂರ ಇಡಬೇಕು ಎನ್ನುವುದಕ್ಕೂ ಪಟ್ಟಿ ಇದೆ. ಫರ್ನೇಸ್ ಅಥವಾ ವಾಟರ್ ಹೀಟರಿನ ಮೈಯಿಂದ ಇಂಟರ್‌ಮೀಡಿಯೆಟ್ ತಲೆ ಕನಿಷ್ಠ 3 ಇಂಚು ದೂರ ಇರಬೇಕು. ಫರ್ನೇಸಿನಿಂದ ಹೊರಡುವ ಹೊಗೆ ಕೊಳವೆಯಿಂದ 9 ಇಂಚು, ಇನ್ಸುಲೇಶನ್ ಸುತ್ತದ ಬಿಸಿ ಡಕ್ಟಿನಿಂದಲೂ 9 ಇಂಚು. ಅಂಕಿ ಚಿಕ್ಕದಾಗಿ ಕಾಣುತ್ತದೆ. ಆದರೆ ಟ್ರಸ್ಸುಗಳ ಸಂದಿಯಲ್ಲಿ ಫರ್ನೇಸ್, ಅದರ ಪಕ್ಕ ಹೊಗೆ ಕೊಳವೆ, ತಲೆಯ ಮೇಲೆ ಡಕ್ಟು, ಇಷ್ಟನ್ನೂ ತುರುಕಿದ ಮೇಲೆ ಈ ಇಂಚುಗಳಿಗಾಗಿ ಒದ್ದಾಡಬೇಕಾಗುತ್ತದೆ. ಕಾವು ಬಲ್ಬಿಗೆ ತಲುಪಬೇಕು, ಬಿದ್ದ ನೀರು ಫರ್ನೇಸಿಗೂ ತಲುಪಬೇಕು. ನಡುವೆ ಟ್ರಸ್ಸಿನ ಕಾಲೋ ದಪ್ಪ ಡಕ್ಟೋ ಅಡ್ಡ ಬಂದರೆ ತಲೆ ಇದ್ದೂ ಪ್ರಯೋಜನವಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಅಂಗಡಿಯಲ್ಲಿ 'ಆಟಿಕ್ ಸ್ಪ್ರಿಂಕ್ಲರ್' ಎನ್ನುವ ಹೆಸರಿನಲ್ಲೇ ಮಾರುವ ಒಂದು ಬಗೆ ಇದೆ. ಅದು ದೊಡ್ಡ ಕಟ್ಟಡಗಳ ಇಳಿಜಾರು ಚಾವಣಿಯ ಕೆಳಗೆ, ಉದ್ದಕ್ಕೆ ನೀರು ಚಿಮ್ಮಿಸಲು ಮಾಡಿದ ವಿಶೇಷ ತಲೆ. ಇಡೀ ಅಟ್ಟವನ್ನು ಕಾಯಬೇಕಾದಾಗ ಅದು ಬೇಕು. ಮನೆಯ ಫರ್ನೇಸ್ ಮೇಲಿನ ಒಂದು ತಲೆಗೂ ಅದಕ್ಕೂ ಸಂಬಂಧವಿಲ್ಲ. ಹೆಸರು ನೋಡಿ ತಂದರೆ ದುಡ್ಡು ದಂಡ.

ಚಳಿಗಾಲದ ಅಟ್ಟ

ನಿಜವಾದ ಕಷ್ಟ ಶುರುವಾಗುವುದು ಚಳಿ ಬಂದಾಗ. ಮನೆಗಳ ಸ್ಪ್ರಿಂಕ್ಲರ್ ಪೈಪಿನಲ್ಲಿ ಸದಾ ನೀರು ತುಂಬಿರುತ್ತದೆ. ಅಂಥ ಪೈಪ್ ಇರುವ ಜಾಗ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಬಾರದು. ಅಟ್ಟದಲ್ಲಿ ಅದನ್ನು ಖಾತ್ರಿ ಮಾಡುವುದು ಹೇಗೆ? ಫರ್ನೇಸ್ ಅಲ್ಲೇ ಇದೆಯಲ್ಲ, ಬೆಚ್ಚಗೆ ಇರುವುದಿಲ್ವಾ ಎಂದು ಕೇಳುವವರಿದ್ದಾರೆ. ಇರುವುದಿಲ್ಲ. ಫರ್ನೇಸ್ ಬಿಸಿ ಮಾಡುವುದು ಡಕ್ಟಿನೊಳಗಿನ ಗಾಳಿಯನ್ನು. ಅಟ್ಟಕ್ಕೆ ಬೇಕಂತಲೇ ಹೊರಗಿನ ಗಾಳಿ ಆಡಲು ಕಿಂಡಿ ಬಿಟ್ಟಿರುತ್ತಾರೆ. ಮನೆಯವರು ಊರಿಗೆ ಹೋಗಿ ಫರ್ನೇಸ್ ಆರಿಸಿದ್ದರಂತೂ ಕೇಳುವುದೇ ಬೇಡ.

ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ, ಪೈಪ್ ಸೀಳುತ್ತದೆ. ಸೀಳಿದ್ದು ಗೊತ್ತಾಗುವುದು ಒಳಗಿನ ಮಂಜುಗಡ್ಡೆ ಕರಗಿದ ಮೇಲೆ.

ಹಿಂದೆ ಇದಕ್ಕೆ ಸುಲಭದ ಮದ್ದು ಒಂದಿತ್ತು. ಪೈಪಿಗೆ ಗ್ಲಿಸರಿನ್ ಅಥವಾ ಪ್ರೊಪಿಲೀನ್ ಗ್ಲೈಕಾಲ್ ಬೆರೆಸಿದ ನೀರು ತುಂಬುವುದು, ಅಂದರೆ ಆಂಟಿಫ್ರೀಝ್. ಜಾಸ್ತಿ ಬೆರೆಸಿದಷ್ಟು ಹೆಪ್ಪುಗಟ್ಟುವುದು ಕಷ್ಟ. ಜಾಸ್ತಿ ಬೆರೆಸಿದರೆ ಇನ್ನೊಂದು ಆಗುತ್ತದೆ ಎನ್ನುವುದು 2009ರಲ್ಲಿ ಎಲ್ಲರಿಗೂ ಗೊತ್ತಾಯಿತು. ಕ್ಯಾಲಿಫೋರ್ನಿಯಾದ ಟ್ರಕೀ ಎನ್ನುವ ಚಳಿಯ ಊರು. ಒಂದು ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಬೆಂಕಿ ಹೊತ್ತಿತು. ಸ್ಪ್ರಿಂಕ್ಲರ್ ತೆರೆದುಕೊಂಡಿತು. ಪೈಪಿನಲ್ಲಿದ್ದ ಗ್ಲಿಸರಿನ್ ಪ್ರಮಾಣ ವಿಪರೀತವಾಗಿತ್ತು. ಸಣ್ಣ ಹನಿಗಳಾಗಿ ಚಿಮ್ಮಿದ ದ್ರವಕ್ಕೇ ಬೆಂಕಿ ತಗುಲಿ ಸ್ಫೋಟದಂತೆ ಉರಿಯಿತು. ಒಬ್ಬರು ತೀರಿಕೊಂಡರು, ಇನ್ನೊಬ್ಬರಿಗೆ ಗಂಭೀರ ಗಾಯವಾಯಿತು. ಬೆಂಕಿ ಆರಿಸಬೇಕಾದದ್ದೇ ಬೆಂಕಿಯಾಯಿತು.

ಅದಾದ ಮೇಲೆ ಪ್ರಯೋಗಗಳು ನಡೆದವು. 2010ರಲ್ಲಿ ಎನ್‌ಎಫ್‌ಪಿಎ ಮನೆಗಳ ಹೊಸ ಸ್ಪ್ರಿಂಕ್ಲರಿಗೆ ಆಂಟಿಫ್ರೀಝ್ ಬೇಡವೇ ಬೇಡ ಎಂದಿತು. ಮುಂದೆ ಕಾರ್ಖಾನೆಯಲ್ಲೇ ಬೆರೆಸಿದ, ಮಿತಿಯೊಳಗಿನ ದ್ರಾವಣಕ್ಕೆ ಅವಕಾಶ ಕೊಟ್ಟಿತು. ಈಗ ಪರೀಕ್ಷೆಯಾಗಿ ಮಾನ್ಯತೆ ಪಡೆದ ದ್ರಾವಣಗಳೇ ಬೇಕು. ಪ್ಲಂಬರ್ ಬಂದು ಬಕೆಟ್ಟಿನಲ್ಲಿ ಕಲಸಿ ಸುರಿಯುವ ಕಾಲ ಮುಗಿದಿದೆ. ಅಲ್ಲದೆ ಪಿ2904ರ ಮನೆಗಳಲ್ಲಿ ಸ್ಪ್ರಿಂಕ್ಲರ್ ಮತ್ತು ನಲ್ಲಿಗೆ ಒಂದೇ ಪೈಪ್ ಇರುವುದುಂಟು. ಕುಡಿಯುವ ನೀರಿನ ಪೈಪಿಗೆ ಆಂಟಿಫ್ರೀಝ್ ಸುರಿಯಲು ಆಗುತ್ತದೆಯೇ?

ಹಾಗಾದರೆ ಉಳಿದ ದಾರಿ ಏನು? ಪೈಪನ್ನು ಅಟ್ಟದ ಕಡೆಗೆ ಬಿಡದೆ ಮನೆಯ ಬೆಚ್ಚನೆಯ ಕಡೆಗೆ ಸೇರಿಸುವುದು. ಪೈಪ್ ಸೀಲಿಂಗಿನ ಜಿಪ್ಸಂ ಬೋರ್ಡಿಗೆ ಹತ್ತಿಕೊಂಡು ಮಲಗಿರಬೇಕು. ಇನ್ಸುಲೇಶನ್ ಅದರ ಮೇಲೆ ಡೇರೆಯ ಹಾಗೆ ಹೊದಿಸಿರಬೇಕು. ಪೈಪಿನ ಕೆಳಗೆ ಇನ್ಸುಲೇಶನ್ ಇರಲೇಬಾರದು. ಇದ್ದರೆ ಮನೆಯ ಕಾವು ಪೈಪಿಗೆ ತಲುಪುವುದಿಲ್ಲ, ಪೈಪ್ ಅಟ್ಟದ ಪಾಲಾಗುತ್ತದೆ. ಕಾಗದದಲ್ಲಿ ಸುಲಭ. ಮನೆಯಲ್ಲಿ ಸ್ಪ್ರಿಂಕ್ಲರ್ ಹಾಕುವವರು ಒಬ್ಬರು, ಇನ್ಸುಲೇಶನ್ ಹಾಸುವವರು ಇನ್ನೊಬ್ಬರು. ಎರಡನೆಯವರಿಗೆ ಕೆಲಸ ಬೇಗ ಮುಗಿಯಬೇಕು. ಪೈಪಿನ ಕೆಳಗೇ ತುರುಕಿ ಹೋಗುತ್ತಾರೆ. ಆಮೇಲೆ ಡಿಶ್ ಅಥವಾ ಕೇಬಲ್ ಹಾಕಲು ಅಟ್ಟ ಹತ್ತಿದವರು ಹೊದಿಕೆ ಸರಿಸಿ ಹಾಗೇ ಬಿಟ್ಟು ಬರುತ್ತಾರೆ.

ಬೇಸಿಗೆಯ ದೃಷ್ಟಿಯಿಂದಲೂ ಈ ಹೊದಿಕೆ ಬೇಕು. ಮನೆಗಳಲ್ಲಿ ಹೆಚ್ಚಾಗಿ ಹಾಕುವುದು ಸಿಪಿವಿಸಿ ಎನ್ನುವ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಪೈಪ್. ಅದಕ್ಕೆ 65 ಡಿಗ್ರಿಯ ಆಸುಪಾಸಿನವರೆಗೆ ಮಾತ್ರ ಮಾನ್ಯತೆ. ಬಿಸಿಲಿಗೆ ಕಾದ ಅಟ್ಟದಲ್ಲಿ ಅದನ್ನು ಬರಿಮೈಯಲ್ಲಿ ಬಿಡುವುದು ಸರಿಯಲ್ಲ.

ಸಮತಟ್ಟಾಗಿ ಹರಿಯುವ ಪೈಪಿಗೆ ಇದೆಲ್ಲ ಸರಿ. ಫರ್ನೇಸ್ ಮೇಲಿನ ತಲೆಗೆ ಹೋಗುವ ಪೈಪ್ ಮಾತ್ರ ಹೊದಿಕೆಯಿಂದ ಎದ್ದು ತಣ್ಣನೆಯ ಗಾಳಿಗೆ ಬರಲೇಬೇಕು. ಅಲ್ಲಿಗೆ ಡ್ರೈ ಸ್ಪ್ರಿಂಕ್ಲರ್ ಬರುತ್ತದೆ. ತಲೆಯೇ ಒಂದು ಉದ್ದನೆಯ ಕೊಳವೆಯ ತುದಿಯಲ್ಲಿರುತ್ತದೆ. ನೀರನ್ನು ತಡೆಯುವ ಮುಚ್ಚಳ ಇರುವುದು ತಲೆಯ ಬಳಿ ಅಲ್ಲ, ಕೊಳವೆಯ ಇನ್ನೊಂದು ತುದಿಯಲ್ಲಿ, ಬೆಚ್ಚನೆಯ ಕಡೆ. ನಡುವಿನ ಕೊಳವೆ ಒಣಗಿರುತ್ತದೆ. ಅಟ್ಟದಲ್ಲಿ ಬಲ್ಬ್ ಒಡೆದಾಗ ಒಳಗಿನ ಆಧಾರ ಜಾರುತ್ತದೆ, ಆ ತುದಿಯ ಮುಚ್ಚಳ ತೆರೆಯುತ್ತದೆ, ನೀರು ಕೊಳವೆಯೊಳಗೆ ನುಗ್ಗುತ್ತದೆ. ಒಳ್ಳೆಯ ಉಪಾಯ, ಆದರೆ ಬೆಲೆ ಜಾಸ್ತಿ. ಉದ್ದವನ್ನು ಅಳತೆ ಕೊಟ್ಟೇ ಮಾಡಿಸಬೇಕು. ಬಂದ ಮೇಲೆ ಕತ್ತರಿಸಿ ಸರಿಮಾಡಲು ಆಗುವುದಿಲ್ಲ. ಅಳತೆ ತಪ್ಪಿದರೆ ಮತ್ತೆ ವಾರಗಟ್ಟಲೆ ಕಾಯಬೇಕು. ಕೊಳವೆಯ ಒಂದಷ್ಟು ಉದ್ದ ಬೆಚ್ಚನೆಯ ಕಡೆಯಿಂದ ತಣ್ಣನೆಯ ಕಡೆಗೆ ದಾಟಿರಬೇಕು, ಇಲ್ಲದಿದ್ದರೆ ಲೋಹದ ಮೂಲಕವೇ ಚಳಿ ನೀರಿರುವ ಜಾಗಕ್ಕೆ ಇಳಿಯುತ್ತದೆ. ಈ ಕನಿಷ್ಠ ಉದ್ದವನ್ನು ತಯಾರಕರ ಕೋಷ್ಟಕ ನೋಡಿಯೇ ಆರಿಸುತ್ತಾರೆ.

13ಡಿ ಅಟ್ಟದ ತಲೆಯನ್ನು ಕೈಬಿಟ್ಟಿರುವುದನ್ನು ಈ ಕಷ್ಟದ ಜೊತೆಗಿಟ್ಟು ನೋಡಬೇಕು. ಒಂದು ಅಪರೂಪದ ಬೆಂಕಿಗಾಗಿ ಹಾಕಿದ ಪೈಪ್ ಪ್ರತಿ ಚಳಿಗಾಲದಲ್ಲೂ ಸೀಳುವ ಭಯ ತಂದಿಟ್ಟರೆ, ಮನೆಯವರು ಬೇಸತ್ತು ಇಡೀ ವ್ಯವಸ್ಥೆಯ ವಾಲ್ವನ್ನೇ ಮುಚ್ಚಿಬಿಡಬಹುದು. ಆಗ ಮಲಗುವ ಕೋಣೆಯ ಸ್ಪ್ರಿಂಕ್ಲರೂ ಸತ್ತಂತೆ.

ನೀರು ಅಷ್ಟು ಮೇಲೆ ಏರುತ್ತದಾ?

ಎಲ್ಲಕ್ಕಿಂತ ಎತ್ತರದಲ್ಲಿರುವ ತಲೆ ಇದು. ಒತ್ತಡ ಸಾಲದೇ ಹೋದೀತು ಎನ್ನುವ ಅನುಮಾನ ಸಹಜ. ಲೆಕ್ಕ ಹಾಕಿದರೆ ಸಾಮಾನ್ಯವಾಗಿ ಭಯ ಕಡಿಮೆಯಾಗುತ್ತದೆ.

ನೀರನ್ನು ಒಂದು ಅಡಿ ಮೇಲೇರಿಸಲು 0.433 ಪಿಎಸ್‌ಐ ಒತ್ತಡ ಬೇಕು. ಅಟ್ಟದ ತಲೆ ನೀರಿನ ಮೀಟರಿಗಿಂತ 25 ಅಡಿ ಮೇಲಿದೆ ಅಂದುಕೊಳ್ಳೋಣ. ಎತ್ತರಕ್ಕೇ ಸುಮಾರು 11 ಪಿಎಸ್‌ಐ ಹೋಯಿತು. ಕೆಳಗಿನ ಮಲಗುವ ಕೋಣೆಯ ತಲೆ 17 ಅಡಿ ಎತ್ತರದಲ್ಲಿದ್ದರೆ ಅದಕ್ಕೆ ಸುಮಾರು 7.4. ಅಂದರೆ ಅಟ್ಟಕ್ಕೆ ಹೆಚ್ಚುವರಿ ಬೇಕಾದದ್ದು ಮೂರೂವರೆ ಪಿಎಸ್‌ಐ ಮಾತ್ರ.

ಇನ್ನೊಂದು ಕಡೆ ಉಳಿತಾಯವಿದೆ. ಲೆಕ್ಕ ಕೋಣೆ ಕೋಣೆಗೆ ಬೇರೆ ಬೇರೆ. ದೊಡ್ಡ ಕೋಣೆಯಲ್ಲಿ ಎರಡು ತಲೆ ಇದ್ದರೆ ಎರಡರ ನೀರನ್ನೂ ಕೂಡಬೇಕು. ಅಟ್ಟದಲ್ಲಿ ಇರುವುದೇ ಒಂದು, ಅದರ ನೀರು ಮಾತ್ರ ಲೆಕ್ಕಕ್ಕೆ ಬರುತ್ತದೆ. ಕೆಳಗಿನ ಕೋಣೆಯದನ್ನು ಅದಕ್ಕೆ ಸೇರಿಸಬೇಕಿಲ್ಲ. ಕೆ-ಫ್ಯಾಕ್ಟರ್ (ತಲೆ ಎಷ್ಟು ನೀರು ಬಿಡಬಲ್ಲದು ಎನ್ನುವ ಅಂಕಿ) 5.6 ಇರುವ ತಲೆಗೆ 7 ಪಿಎಸ್‌ಐ ಒತ್ತಡ ಸಿಕ್ಕರೆ ಹರಿವು 5.6ನ್ನು 7ರ ವರ್ಗಮೂಲದಿಂದ ಗುಣಿಸಿದಷ್ಟು, ಅಂದರೆ ನಿಮಿಷಕ್ಕೆ 14.8 ಗ್ಯಾಲನ್, 56 ಲೀಟರ್. ಕೋಣೆಯ ಎರಡು ತಲೆಗಳಿಗೆ ಬೇಕಾದ 98 ಲೀಟರಿಗೆ ಹೋಲಿಸಿದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಪೈಪಿನೊಳಗಿನ ಘರ್ಷಣೆ ಹರಿವಿಗಿಂತ ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಹರಿವು ಇಷ್ಟು ಇಳಿದರೆ ಅದೇ ಪೈಪಿನಲ್ಲಿ ಘರ್ಷಣೆಯ ನಷ್ಟ ಸುಮಾರು ಮೂರನೇ ಒಂದರಷ್ಟಾಗುತ್ತದೆ. ಎರಡು ತಲೆಗೆ 12 ಪಿಎಸ್‌ಐ ತಿನ್ನುತ್ತಿದ್ದ ಪೈಪ್ ಒಂದು ತಲೆಗೆ ನಾಲ್ಕೂಕಾಲು ತಿನ್ನುತ್ತದೆ. ಎತ್ತರಕ್ಕೆ ಕೊಟ್ಟದ್ದು ಇಲ್ಲಿ ವಾಪಸ್ ಬಂತು.

ಹಾಗಂತ ಲೆಕ್ಕ ಬಿಡುವಂತಿಲ್ಲ. ಅಟ್ಟಕ್ಕೆ ಹೋಗುವ ಕವಲು ತೆಳ್ಳಗಿದ್ದು ಉದ್ದವಾಗಿದ್ದರೆ, ಅಥವಾ ಬೀದಿಯ ಒತ್ತಡವೇ ಕಡಿಮೆ ಇದ್ದರೆ, ಆ ಒಂಟಿ ತಲೆಯೇ ಇಡೀ ಮನೆಗೆ ಪಂಪ್ ಹಾಕಿಸಬಹುದು.

ಅಪಾರ್ಟ್‌ಮೆಂಟ್ ಆದರೆ

ಇಲ್ಲಿಯವರೆಗೆ ಹೇಳಿದ್ದು ಒಂಟಿ ಮನೆ, ಜೋಡಿ ಮನೆ ಮತ್ತು ಸಾಲು ಮನೆಗಳ ಮಾತು. ನಾಲ್ಕು ಅಂತಸ್ತಿನವರೆಗಿನ ವಸತಿ ಕಟ್ಟಡಗಳಿಗೆ ಎನ್‌ಎಫ್‌ಪಿಎ 13ಆರ್ ಎನ್ನುವ ಬೇರೆ ಮಾನದಂಡ ಇದೆ. ದೊಡ್ಡ ಕಟ್ಟಡಗಳ ಕಟ್ಟಡ ಸಂಹಿತೆಯಾದ ಐಬಿಸಿಯ 2018ರ ಆವೃತ್ತಿ ಇಂಥ ಕಟ್ಟಡಗಳ ಬಗ್ಗೆ ಗೊಂದಲವಿಲ್ಲದೆ ಹೇಳುತ್ತದೆ. ಅಟ್ಟವನ್ನು ವಾಸಕ್ಕೆ ಅಥವಾ ಸಾಮಾನು ಇಡಲು ಬಳಸಿದರೆ ಪೂರ್ತಿ ಸ್ಪ್ರಿಂಕ್ಲರ್ ಬೇಕು. ಸ್ಪ್ರಿಂಕ್ಲರ್ ಇಲ್ಲದ ಅಟ್ಟದಲ್ಲಿ ಇಂಧನ ಉರಿಸುವ ಯಂತ್ರ ಇಟ್ಟರೆ ಅದರ ಮೇಲೆ ಕನಿಷ್ಠ ಒಂದು ಕ್ವಿಕ್ ರೆಸ್ಪಾನ್ಸ್ ಇಂಟರ್‌ಮೀಡಿಯೆಟ್ ತಲೆ ಬೇಕು. ಯಂತ್ರ ಮೇಲಿದೆಯೋ ಕೆಳಗಿದೆಯೋ ಎನ್ನುವ ಚರ್ಚೆ ಇಲ್ಲಿಲ್ಲ. ಸಾಮಾನು ಇಡುವ ಅಟ್ಟದ ವಿಷಯದಲ್ಲೂ ವ್ಯತ್ಯಾಸ ಗಮನಿಸಿ. ಒಂಟಿ ಮನೆಯಲ್ಲಿ ಸಾಮಾನು ತುಂಬಿದ ಅಟ್ಟವನ್ನೂ 13ಡಿ ಬಿಟ್ಟುಬಿಡುತ್ತದೆ.

ದೊಡ್ಡ ಕಟ್ಟಡದಲ್ಲಿ ಬಿಗಿ ಜಾಸ್ತಿ ಯಾಕೆ ಎನ್ನುವುದಕ್ಕೆ ನ್ಯೂಜೆರ್ಸಿಯ ಎಡ್ಜ್‌ವಾಟರ್ ಸಾಕ್ಷಿ. 2015ರ ಜನವರಿಯಲ್ಲಿ ಅಲ್ಲಿನ ಒಂದು ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯದಲ್ಲಿ ಪ್ಲಂಬಿಂಗ್ ರಿಪೇರಿಗೆ ಬಳಸಿದ ಜ್ವಾಲೆ ಉಗುಳುವ ಟಾರ್ಚಿನಿಂದ ಗೋಡೆಯೊಳಗೆ ಬೆಂಕಿ ಹೊತ್ತಿತು. ಗೋಡೆಯ ಟೊಳ್ಳಿನಿಂದ ಚಾವಣಿಯ ಕೆಳಗಿನ ಟೊಳ್ಳಿಗೆ ಹೋಯಿತು. ಕೋಣೆಗಳಲ್ಲಿ ಸ್ಪ್ರಿಂಕ್ಲರ್ ಇದ್ದವು, ಆ ಟೊಳ್ಳುಗಳಲ್ಲಿ ಇರಲಿಲ್ಲ. ಇನ್ನೂರಕ್ಕೂ ಹೆಚ್ಚು ಫ್ಲ್ಯಾಟ್ ಹೋದವು. ಯಾರೂ ಸಾಯಲಿಲ್ಲ. ಜನರನ್ನು ಹೊರಗೆ ಕಳಿಸುವ ಗುರಿ ಈಡೇರಿತು, ಕಟ್ಟಡ ಉಳಿಯಲಿಲ್ಲ. ಒಂದು ಮನೆಯ ಚಾವಣಿ ಹೋದರೆ ಒಂದು ಕುಟುಂಬ ಬೀದಿಗೆ ಬರುತ್ತದೆ, ಇಲ್ಲಿ ನೂರಾರು ಕುಟುಂಬಗಳು ಬಂದವು. ಈಗ ಕೆಳಗೆ ಕಾಂಕ್ರೀಟ್, ಮೇಲೆ ಮರ ಇರುವ ಬಗೆಯ ಕಟ್ಟಡಗಳಲ್ಲಿ, ಚಾವಣಿ ಅಗ್ನಿಶಾಮಕ ವಾಹನದ ದಾರಿಯಿಂದ 55 ಅಡಿಗಿಂತ ಎತ್ತರದಲ್ಲಿದ್ದರೆ, ಅಟ್ಟಕ್ಕೂ ರಕ್ಷಣೆ ಬೇಕು ಎಂದು ಐಬಿಸಿ ಹೇಳುತ್ತದೆ. ಸ್ಪ್ರಿಂಕ್ಲರ್ ಹಾಕಬಹುದು, ಇಲ್ಲವೇ ಉರಿಯದ ಸಾಮಗ್ರಿಯಲ್ಲಿ ಕಟ್ಟುವಂಥ ಬೇರೆ ದಾರಿ ಹಿಡಿಯಬಹುದು.

ನಿಮ್ಮದೇ ಮನೆಯ ನಕ್ಷೆ ಕೈಯಲ್ಲಿದ್ದರೆ ಮೂಲೆಯಲ್ಲಿ ಪಿ2904 ಎಂದಿದೆಯೋ 13ಡಿ ಎಂದಿದೆಯೋ ನೋಡಿ. 13ಡಿ ಆಗಿದ್ದರೆ ಆವೃತ್ತಿಯ ವರ್ಷವನ್ನೂ ನೋಡಿ. ಆಮೇಲೆ ಫರ್ನೇಸ್ ಹಾಳೆಯನ್ನು ಸ್ಪ್ರಿಂಕ್ಲರ್ ಹಾಳೆಯ ಮೇಲಿಟ್ಟು ಹೋಲಿಸಿ. ಎರಡನ್ನೂ ಬರೆಯುವವರು ಬೇರೆ ಬೇರೆ ಕಂಪನಿಯವರು, ಒಬ್ಬರ ಬದಲಾವಣೆ ಇನ್ನೊಬ್ಬರಿಗೆ ತಲುಪದೇ ಇರುವುದು ಸಾಮಾನ್ಯ. ಫರ್ನೇಸ್ ನಾಲ್ಕಡಿ ಆಚೆ ಸರಿದಿರುತ್ತದೆ, ತಲೆ ಹಳೇ ಜಾಗದಲ್ಲೇ ಇರುತ್ತದೆ.

ಹದಿನೈದು ವರ್ಷದ ನಂತರ ಹಳೇ ಫರ್ನೇಸ್ ತೆಗೆಸಿ ಹೀಟ್ ಪಂಪ್ ಹಾಕಿಸಿದರೆ ಮೇಲಿನ ತಲೆಯನ್ನು ಸುಮ್ನೆ ಹಾಗೇ ಬಿಡಿ, ಕೀಳಿಸಲು ಹೋದರೆ ಪರ್ಮಿಟ್ಟಿನ ತಾಪತ್ರಯ. ಹೊಸ ಗ್ಯಾಸ್ ಫರ್ನೇಸನ್ನೇ ಹಾಕಿಸಿದರೆ ಅದರ ಹೊಗೆ ಕೊಳವೆ ಹಳೆಯದರ ದಾರಿಯಲ್ಲೇ ಹೋಗುತ್ತದಾ ಎಂದು ಕೇಳಿ. ಸ್ಪ್ರಿಂಕ್ಲರ್ ತಲೆಯಿಂದ ಆ 9 ಇಂಚನ್ನು ಅಳೆಯುವುದು ಫರ್ನೇಸ್ ಕೂರಿಸುವವರ ಕೆಲಸವಲ್ಲ ಎಂದು ಅವರು ಅಂದುಕೊಂಡಿರುತ್ತಾರೆ.